ನಾಲೆಗೆ ಸಿಮೆಂಟೋ, ಹೊಲಕ್ಕೆ ಹನಿಯೋ, ತಗ್ಗಿಗೆ ಬಸಿಗಾಲುವೆಯೋ? ಹೊಳೆಗೆ ಇಳಿಯುವ ಉಪ್ಪು ತಗ್ಗಿಸುವ ದಾರಿಗಳ ಹೋಲಿಕೆ

ಹೊಳೆನರಸೀಪುರ ತಾಲ್ಲೂಕಿನಲ್ಲಿ ನಮ್ಮ ಮನೆತನದ ನಾಲ್ಕು ಎಕರೆ ಜಮೀನು ಹೇಮಾವತಿ ನಾಲೆಯ ಅಚ್ಚುಕಟ್ಟಿನಲ್ಲಿದೆ. ಅದರ ತಗ್ಗಿನ ಭಾಗವನ್ನು ನಾವು ಕೆಳಹೊಲ ಎಂದು ಕರೆಯುತ್ತೇವೆ. ನಾಲೆ ಬರುವ ಮೊದಲು ಅಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರು; ನಾಲೆ ಬಂದ ಮೇಲೆ ಭತ್ತ. ಹಲವು ವರ್ಷ ಬೆಳೆ ಚೆನ್ನಾಗಿಯೇ ಬಂತು. ಆಮೇಲೆ ಒಂದು ಬೇಸಿಗೆಯಲ್ಲಿ ಬದುವಿನ ಬುಡದಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿತು. ದೊಡ್ಡಪ್ಪ ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ, "ಚೌಳು ಏರಿತು" ಎಂದಷ್ಟೇ ಹೇಳಿ ಎದ್ದು ಹೋದರು. ಒಂದು ಕಾಲದಲ್ಲಿ ಅಗಸರು ಬಟ್ಟೆ ಒಗೆಯಲು ಹುಡುಕಿಕೊಂಡು ಹೋಗುತ್ತಿದ್ದ ಮಣ್ಣು ನಮ್ಮ ಹೊಲದಲ್ಲೇ ಎದ್ದಿತ್ತು.

ಆ ಹೊಲದಿಂದ ಬಸಿದ ನೀರು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಹೇಮಾವತಿಗೆ, ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ. ಹೊಲದಲ್ಲಿ ಉಳಿದ ಉಪ್ಪು ನಮ್ಮ ಮನೆಯ ಕಷ್ಟ. ಹೊಲದಿಂದ ಹೊರಟ ಉಪ್ಪು ಕೆಳಗಿನವರ ಕಷ್ಟ. ಊರಿನಲ್ಲಿ ಪರಿಹಾರದ ಮಾತು ಬಂದಾಗಲೆಲ್ಲ ಈ ಎರಡನ್ನೂ ಒಂದೇ ಎಂದು ಭಾವಿಸಿ ಚರ್ಚೆ ನಡೆಯುತ್ತದೆ. ಒಬ್ಬರು ನಾಲೆಗೆ ಸಿಮೆಂಟ್ ಹಾಕಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಹನಿ ನೀರಾವರಿ ಎನ್ನುತ್ತಾರೆ, ಮತ್ತೊಬ್ಬರು ನಿಂತ ನೀರು ಬಸಿದು ಹೋಗಲು ಬಸಿಗಾಲುವೆ ತೋಡಿದರೆ ಸಾಕು ಎನ್ನುತ್ತಾರೆ, ಅಂಗಡಿಯವರು ಜಿಪ್ಸಮ್ ಮೂಟೆ ತೋರಿಸುತ್ತಾರೆ. ಇವುಗಳಲ್ಲಿ ಕೆಲವು ಹೊಲವನ್ನು ಉಳಿಸಿ ಹೊಳೆಗೆ ಉಪ್ಪು ಕಳಿಸುತ್ತವೆ. ಕೆಲವು ಎರಡನ್ನೂ ಉಳಿಸುತ್ತವೆ. ಯಾವುದಕ್ಕೆ ದುಡ್ಡು ಹಾಕುವ ಮೊದಲೂ ಆ ಭೇದ ಕಣ್ಣಿಗೆ ಕಾಣಬೇಕು ಎಂಬ ಕಾರಣಕ್ಕೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೇಮಾವತಿ ಉಪ್ಪಿನ ಹೊಳೆಯಲ್ಲ. ಮೂಡಿಗೆರೆ ಕಡೆ ಹುಟ್ಟಿ, ಸಕಲೇಶಪುರದ ಮಳೆಯನ್ನು ಹೊತ್ತು ಗೊರೂರಿನ ಅಣೆಕಟ್ಟೆಗೆ ಬರುವ ಸಿಹಿನೀರು ಅದು. ಸಮಸ್ಯೆ ಇರುವುದು ಗೊರೂರಿನಿಂದ ಕೆಳಗೆ, ಹಾಸನ ಜಿಲ್ಲೆಯ ಪೂರ್ವದ ಒಣ ಭಾಗದಲ್ಲಿ, ಅದೂ ತಗ್ಗು ಜಾಗಗಳಲ್ಲಿ. ಹೀಗಿರುವಾಗಲೇ ಕೆಲಸ ಮಾಡಿದರೆ ಖರ್ಚು ಕಡಿಮೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಸವಳು ಹತ್ತಿದ ಭೂಮಿಯನ್ನು ಒಮ್ಮೆ ನೋಡಿ ಬಂದವರಿಗೆ ತಡ ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಿನ ಲೆಕ್ಕ

ಸಿಹಿನೀರಿನಲ್ಲೂ ಉಪ್ಪು ಇರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಕರಗಿದ ಲವಣ ಇರುವ ನೀರು ಕುಡಿಯಲು ಚೆನ್ನಾಗಿಯೇ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ 500 ಮಿಲಿಗ್ರಾಂ. ಅಂಥ ನೀರನ್ನು ಒಂದು ಎಕರೆ ಭತ್ತಕ್ಕೆ ಒಂದು ಬೆಳೆಯ ಅವಧಿಯಲ್ಲಿ ಒಟ್ಟು 1,200 ಮಿಲಿಮೀಟರ್ ಹಾಯಿಸಿದರೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ಅದರೊಂದಿಗೆ ಹೊಲಕ್ಕೆ ಬರುವ ಉಪ್ಪು ಹತ್ತಿರ ಹತ್ತಿರ ಒಂದು ಟನ್. ಪೈರು ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಎಳೆಯುತ್ತದೆ, ಉಪ್ಪನ್ನು ಇಬ್ಬರೂ ಬಿಟ್ಟು ಹೋಗುತ್ತಾರೆ. ಆ ಒಂದು ಟನ್ ಒಂದೋ ಹೊಲದಲ್ಲೇ ಕೂರಬೇಕು, ಇಲ್ಲವೇ ಕೆಳಗಿಳಿದು ಹಳ್ಳ ಸೇರಬೇಕು. ಬಂದಷ್ಟೇ ಉಪ್ಪು ಕಡಿಮೆ ನೀರಿನಲ್ಲಿ ವಾಪಸ್ಸು ಹೋಗುವುದರಿಂದ ಹೊಳೆಯ ನೀರಿನಲ್ಲಿ ಉಪ್ಪು ಹೆಚ್ಚಿ ಅದು ಗಡುಸಾಗುತ್ತದೆ. ಇದು ಮೊದಲನೆಯ ಬಗೆ.

ಎರಡನೆಯದು ಹೆಚ್ಚು ಕೆಟ್ಟದ್ದು. ಬೇಕಾದ್ದಕ್ಕಿಂತ ಹೆಚ್ಚು ಹಾಯಿಸಿದ ನೀರು, ನಾಲೆಯಿಂದ ಸೋರಿದ ನೀರು ಭೂಮಿಯ ಆಳಕ್ಕೆ ಇಳಿದು ಅಲ್ಲಿ ಮೊದಲೇ ಇರುವ ಉಪ್ಪನ್ನು ಕರಗಿಸಿಕೊಂಡು ಹೊಳೆಗೆ ತರುತ್ತದೆ. ಅಮೆರಿಕದ ಕೊಲರಾಡೊ ನದಿಯ ಕಥೆ ಇದೇ. ಅಲ್ಲಿನ ಗ್ರ್ಯಾಂಡ್ ವ್ಯಾಲಿ ಎಂಬ ಕಣಿವೆಯ ಹೊಲಗಳ ಕೆಳಗೆ ಹಿಂದೆ ಸಮುದ್ರದ ತಳವಾಗಿದ್ದ ಮ್ಯಾಂಕೋಸ್ ಶೇಲ್ ಎಂಬ ಪದರಗಲ್ಲು ಇದೆ. ಅದರ ತುಂಬ ಉಪ್ಪು. ಸೋರಿದ ಪ್ರತಿ ಬಿಂದಿಗೆ ನೀರೂ ಆ ಉಪ್ಪನ್ನು ಮುಟ್ಟಿಯೇ ನದಿಗೆ ಹೋಗುತ್ತಿತ್ತು. 1974ರಲ್ಲಿ ಅಲ್ಲಿನ ಸಂಸತ್ತು ಕೊಲರಾಡೊ ಕೊಳ್ಳದ ಉಪ್ಪು ನಿಯಂತ್ರಣಕ್ಕೆಂದೇ ಕಾಯ್ದೆ ಮಾಡಿತು. ಮಣ್ಣಿನ ಕಾಲುವೆಗಳ ಒಳಮೈಗೆ ನೀರು ಸೋರದಂತೆ ಹೊದಿಕೆ ಹಾಕಿದರು, ಕವಲು ಕಾಲುವೆಗಳನ್ನು ಕೊಳವೆಯೊಳಗೆ ಹೂತರು, ಹೊಲಗಳಿಗೆ ತುಂತುರು ಮತ್ತು ಸುಧಾರಿತ ಸಾಲು ನೀರಾವರಿ ತಂದರು. ಇವುಗಳೂ ಇತರ ಕೆಲಸಗಳೂ ಸೇರಿ ಇಂದು ವರ್ಷಕ್ಕೆ 10 ಲಕ್ಷ ಟನ್ನಿಗೂ ಮಿಕ್ಕಿದ ಉಪ್ಪು ನದಿಗೆ ಬೀಳದಂತೆ ತಡೆಯುತ್ತಿವೆ.

ನಮ್ಮ ಕೆಂಪು ಮಣ್ಣಿನ ಕೆಳಗೆ ಸಮುದ್ರದ ಪದರವಿಲ್ಲ, ಗಟ್ಟಿ ಶಿಲೆ ಇದೆ. ಆ ಶಿಲೆ ಸವೆಯುವಾಗ ಬಿಡುವ ಸೋಡಿಯಂ, ಕ್ಯಾಲ್ಸಿಯಂ ಲವಣಗಳು ಮಳೆನೀರಿನೊಂದಿಗೆ ತಗ್ಗಿಗೆ ಬಂದು ಸೇರುತ್ತವೆ. ಹಾಗಾಗಿ ಕೊಲರಾಡೊದಲ್ಲಿ ಕಾಲುವೆಯ ಸೋರಿಕೆ ತಡೆದ ಮಾತ್ರಕ್ಕೆ ದಕ್ಕಿದಷ್ಟು ಲಾಭ ಇಲ್ಲಿ ದಕ್ಕುವುದಿಲ್ಲ. ಇಲ್ಲಿ ಶತ್ರು ಜೌಗು. ಅಂತರ್ಜಲ ಮೇಲೇರಿ ಬೇರಿನ ಹತ್ತಿರ ಬಂದು ನಿಂತರೆ ಬಿಸಿಲು ಆ ನೀರನ್ನು ಮಣ್ಣಿನ ಸಂದುಗಳಿಂದ ಹೀರಿ ಉಪ್ಪನ್ನು ಮೇಲ್ಮೈಯಲ್ಲಿ ಬಿಡುತ್ತದೆ. ಮುಂದಿನ ಮಳೆಗೆ ಅದು ಹಳ್ಳಕ್ಕೆ ಇಳಿಯುತ್ತದೆ. ಹೊರದೇಶದ ಯಶಸ್ಸಿನ ಕಥೆ ಕೇಳಿದಾಗ ಈ ವ್ಯತ್ಯಾಸವನ್ನು ಮರೆಯಬಾರದು.

ನಾಲೆಗೆ ಹೊದಿಕೆ

ಎಲ್ಲರ ಮನಸ್ಸಿಗೆ ಮೊದಲು ಬರುವುದು ಇದೇ. ಕಣ್ಣಿಗೆ ಕಾಣುವ ಕೆಲಸ, ಸರ್ಕಾರ ಮಾಡಿಕೊಡುವ ಕೆಲಸ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಗಳಲ್ಲಿ ಅಂದಾಜಿಗೆಂದು ಕೊಟ್ಟಿರುವ ಅಂಕಿಗಳ ಪ್ರಕಾರ ಎರಡು ಕಿಲೋಮೀಟರಿಗಿಂತ ಉದ್ದದ ಮಣ್ಣಿನ ಕಾಲುವೆಯಲ್ಲಿ ಮರಳು ನೆಲವಾದರೆ ನೂರಕ್ಕೆ 60, ಗೋಡು ಮಣ್ಣಾದರೆ 70, ಜೇಡಿಯಾದರೆ 80 ಭಾಗ ನೀರು ಹೊಲ ತಲಪುತ್ತದೆ. ಹೊದಿಕೆ ಇದ್ದು ಅದನ್ನು ಚೆನ್ನಾಗಿ ನೋಡಿಕೊಂಡರೆ 95. ಹೊಲದಲ್ಲಿ ಹಾಯಿಸಿದ ನೀರಿನಲ್ಲಿ ಬೆಳೆಗೆ ದಕ್ಕುವುದು ಮಡಿ, ಸಾಲುಗಳಲ್ಲಿ ಹಾಯಿಸಿದರೆ 60, ತುಂತುರಾದರೆ 75, ಹನಿಯಾದರೆ 90.

ಈ ಅಂಕಿಗಳನ್ನು ಒಂದಕ್ಕೊಂದು ಗುಣಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಗೋಡು ಮಣ್ಣಿನ ನಾಲೆ, ಹೊಲದಲ್ಲಿ ಹಾಯಿ ನೀರು: ನೂರು ಲೀಟರಿನಲ್ಲಿ ಬೆಳೆಗೆ 42. ನಾಲೆಗೆ ಸಿಮೆಂಟ್ ಹಾಕಿ ಹೊಲದಲ್ಲಿ ಹಳೆಯ ರೂಢಿಯನ್ನೇ ಮುಂದುವರಿಸಿದರೆ 57. ನಾಲೆಯನ್ನು ಹಾಗೆಯೇ ಬಿಟ್ಟು ಹೊಲಕ್ಕೆ ಹನಿ ಹಾಕಿದರೆ 63. ಕೋಟಿಗಟ್ಟಲೆ ಸಿಮೆಂಟಿಗಿಂತ ಹೊಲದೊಳಗಿನ ಬದಲಾವಣೆ ಹೆಚ್ಚು ನೀರನ್ನು ಭೂಮಿಯ ಆಳಕ್ಕೆ ಇಳಿಯದಂತೆ ತಡೆಯುತ್ತದೆ. ಎರಡನ್ನೂ ಮಾಡಿದರೆ 85 ದಾಟುತ್ತದೆ, ಆದರೆ ಎರಡಕ್ಕೂ ಒಮ್ಮೆಗೇ ದುಡ್ಡು ಇರುವ ಊರು ನನಗೆ ಗೊತ್ತಿಲ್ಲ.

ಹೊದಿಕೆಯ ಆಯುಷ್ಯದ ಮಾತೂ ಇದೆ. ಹಿಂದುಗಡೆ ನೆಲದ ನೀರು ತುಂಬಿರುವಾಗ ನಾಲೆಯನ್ನು ತಟ್ಟನೆ ಖಾಲಿ ಮಾಡಿದರೆ ಆ ನೀರಿನ ಒತ್ತಡಕ್ಕೆ ಸಿಮೆಂಟ್ ಹಲಗೆಗಳು ಕಳಚಿ ಒಳಗೆ ಬೀಳುತ್ತವೆ. ಒತ್ತಡ ಬಿಡಲು ಇಟ್ಟ ರಂಧ್ರಗಳು ಹೂಳಿನಿಂದ ಮುಚ್ಚಿದ್ದರಂತೂ ಖಂಡಿತ. ಕಪ್ಪು ಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಹೊದಿಕೆಯನ್ನು ಬಿರಿಯಿಸುತ್ತದೆ. ಬಿರುಕು ಬಿಟ್ಟ ಹೊದಿಕೆ ಮಣ್ಣಿನ ನಾಲೆಗಿಂತ ಬಹಳ ಮೇಲಲ್ಲ.

ಇನ್ನು ಬಾವಿಯ ಪ್ರಶ್ನೆ. ನಮ್ಮ ಕಡೆ ನಾಲೆಯ ಕೆಳಗಿನ ಎಷ್ಟೋ ಬಾವಿ, ಕೊಳವೆಬಾವಿ, ಸಣ್ಣ ಕೆರೆಗಳು ನಾಲೆಯ ಸೋರಿಕೆಯಿಂದಲೇ ಉಸಿರಾಡುತ್ತಿವೆ. ಅದನ್ನು ನಿಲ್ಲಿಸಿದರೆ ಅವುಗಳನ್ನು ನಂಬಿದ ತೆಂಗು, ತರಕಾರಿ, ಮನೆಯ ನೀರು ಎಲ್ಲಕ್ಕೂ ಪೆಟ್ಟು. ಕ್ಯಾಲಿಫೋರ್ನಿಯಾದ ಆಲ್ ಅಮೆರಿಕನ್ ಕಾಲುವೆಗೆ 2000ರ ದಶಕದ ಕೊನೆಯಲ್ಲಿ ಸುಮಾರು 37 ಕಿಲೋಮೀಟರ್ ಉದ್ದ ಕಾಂಕ್ರೀಟ್ ಹಾಕಿದಾಗ ಗಡಿಯಾಚೆಗಿನ ಮೆಕ್ಸಿಕೊದ ರೈತರು ಪ್ರತಿಭಟಿಸಿದ್ದು ಇದಕ್ಕೇ. ಅವರ ಬಾವಿಗಳಿಗೆ ದಶಕಗಳಿಂದ ನೀರು ಕೊಟ್ಟಿದ್ದು ಆ ಸೋರಿಕೆ. ಆದ್ದರಿಂದ ಹೊದಿಕೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಸೋರಿದ ನೀರು ಸಿಹಿಯಾಗಿಯೇ ಬಾವಿ ತುಂಬುವ ಕಡೆ ನಾಲೆಯನ್ನು ಮುಟ್ಟಬಾರದು; ಸೋರಿದ ನೀರು ತಗ್ಗಿನಲ್ಲಿ ನಿಂತು ಜೌಗು ಮಾಡುವ ಕಡೆ ಮಾತ್ರ, ಆ ತುಂಡಿಗೆ ಮಾತ್ರ ಹೊದಿಕೆ ಹಾಕಬೇಕು. ಇಡೀ ನಾಲೆಗೆ ಒಂದೇ ಅಂದಾಜುಪಟ್ಟಿ ಬರೆದರೆ ಎರಡು ಬಗೆಯ ಜಾಗಕ್ಕೂ ಅನ್ಯಾಯವಾಗುತ್ತದೆ.

ತೂಬಿನಿಂದ ಕೆಳಗಿನ ಹೊಲಗಾಲುವೆಗಳ ಮಾತು ಬೇರೆ. ಏಡಿ ಬಿಲ, ಹೆಗ್ಗಣದ ಬಿಲ, ಎಲ್ಲೆಂದರಲ್ಲಿ ಒಡೆದು ಮುಚ್ಚಿದ ಕಂಡಿಗಳು. ಅಲ್ಲಿ ಪೋಲಾಗುವ ನೀರಿಗೆ ಲೆಕ್ಕವಿಲ್ಲ. ಇಲ್ಲಿ ಕಾಂಕ್ರೀಟ್ ತೊಟ್ಟಿಗಿಂತ ನೆಲದೊಳಗೆ ಹೂತ ಪಿವಿಸಿ ಕೊಳವೆ ಮೇಲು ಎಂದು ನನಗೆ ಅನ್ನಿಸುತ್ತದೆ. ಜಾಗ ಉಳಿಯುತ್ತದೆ, ಟ್ರ್ಯಾಕ್ಟರ್ ಓಡಾಡಬಹುದು, ಕಳೆ ಇಲ್ಲ. ಹೂಳು ತಡೆಯಲು ಬಾಯಿಯಲ್ಲಿ ಒಂದು ತೊಟ್ಟಿ ಮತ್ತು ಜಾಲರಿ ಬೇಕು, ಅದನ್ನು ವಾರಕ್ಕೊಮ್ಮೆ ಬಳಿಯುವ ಮನುಷ್ಯ ಬೇಕು. ನೀರು ಬಳಕೆದಾರರ ಸಹಕಾರ ಸಂಘ ಹೆಸರಿಗೆ ಮಾತ್ರ ಇರುವ ಊರಿನಲ್ಲಿ ಈ ಕೊಳವೆ ಎರಡೇ ವರ್ಷಕ್ಕೆ ಕಟ್ಟಿಕೊಳ್ಳುತ್ತದೆ.

ಹೊಲದೊಳಗಿನ ಬದಲಾವಣೆ

ಅತಿ ಅಗ್ಗದ್ದು ಮೊದಲು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಕು ಎಂಬುದು ಹಳೆಯ ನಂಬಿಕೆ. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಪದ್ಧತಿಯಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ, ಕೆಳಭಾಗಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುತ್ತಾರೆ. ಕೊಳವೆಯೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ ನೀರು ಹಾಯಿಸುತ್ತಾರೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ನೀರು ನೂರಕ್ಕೆ 30ರವರೆಗೂ ಉಳಿಯುತ್ತದೆ, ಇಳುವರಿ ಕಡಿಮೆಯಾಗುವುದಿಲ್ಲ. ಆಳಕ್ಕೆ ಬಸಿಯುವ ನೀರು ಅಷ್ಟು ಕಡಿಮೆ, ಕೆಳಗಿನ ತಗ್ಗಿಗೆ ಸೇರುವ ಉಪ್ಪೂ ಅಷ್ಟು ಕಡಿಮೆ. ಖರ್ಚು ಒಂದು ತುಂಡು ಕೊಳವೆ. ಆದರೆ ಈಗಾಗಲೇ ಚೌಳು ಏರಿದ ಗದ್ದೆಯಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಮಣ್ಣು ಆರಿದ ಕೂಡಲೇ ಉಪ್ಪು ಮೇಲೇರಿ ಪೈರಿನ ಬೇರನ್ನು ಸುಡುತ್ತದೆ. ಇದು ಮೇಲಿನ ಗದ್ದೆಯವರು ಮಾಡಬೇಕಾದ, ಫಲ ಕೆಳಗಿನ ಗದ್ದೆಯವರಿಗೆ ಸಿಗುವ ಕೆಲಸ.

ತೊಡಕು ಇರುವುದೂ ಅಲ್ಲಿಯೇ. ನಮ್ಮ ಮೇಲಿನ ಗದ್ದೆಯ ಅಣ್ಣನಿಗೆ ಇದನ್ನು ಹೇಳಿದಾಗ ಅವರು, "ನೀರು ಬಂದಾಗ ಕಟ್ಟಿಕೊಳ್ಳದಿದ್ದರೆ ಮತ್ತೆ ಯಾವಾಗ ಬರುತ್ತದೋ ಯಾರು ಬಲ್ಲರು?" ಎಂದು ಕೇಳಿದರು. ಅವರ ಮಾತು ನೂರಕ್ಕೆ ನೂರು ನಿಜ. ಸರದಿ ನಂಬಿಕೆಗೆ ಅರ್ಹವಾಗಿರದಿದ್ದರೆ ರೈತ ಭಯದಿಂದ ಹೆಚ್ಚು ನೀರು ಕಟ್ಟುತ್ತಾನೆ. ಕಟ್ಟು ಪದ್ಧತಿಯ, ಅಂದರೆ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕ್ರಮದ, ದಿನಾಂಕ ಮೊದಲೇ ಗೊತ್ತಿದ್ದು, ನೀರು ಬಿಡುವ ಸೌಡಿ ಆ ದಿನ ತೂಬು ಎತ್ತುತ್ತಾನೆ ಎಂಬ ಭರವಸೆ ಇದ್ದರೆ ಅರ್ಧ ಸಮಸ್ಯೆ ಸಿಮೆಂಟ್ ಇಲ್ಲದೆಯೇ ಕರಗುತ್ತದೆ. ಇದನ್ನು ಯಾವ ಯೋಜನಾ ವರದಿಯೂ ಮೊದಲ ಪುಟದಲ್ಲಿ ಬರೆಯುವುದಿಲ್ಲ, ಆದರೆ ನನ್ನ ಮಟ್ಟಿಗೆ ಮೊದಲ ಪುಟದಲ್ಲಿ ಇರಬೇಕಾದದ್ದು ಇದು.

ಇನ್ನು ಹನಿ ಮತ್ತು ತುಂತುರು. ಮೆಕ್ಕೆಜೋಳ, ಆಲೂಗಡ್ಡೆ, ಶುಂಠಿ, ತರಕಾರಿ ಹಾಕುವ ಇಳಿಜಾರಿನ ಕೆಂಪು ಹೊಲಗಳಿಗೆ ಇವೆರಡರಲ್ಲಿ ಒಂದು ಬೇಕೇ ಬೇಕು. ಕಡಿಮೆ ನೀರು ಸಾಕಾಗುವ ಅರೆ ಖುಷ್ಕಿ ಬೆಳೆಗೆಂದು ಬಿಟ್ಟ ನೀರಿನಲ್ಲಿ ಭತ್ತ ಬೆಳೆಯಲು ಹೋಗಿ ಕೆಳಗಿನವರ ಹೊಲ ಜೌಗಾಗುವುದಕ್ಕಿಂತ ಇದು ಎಷ್ಟೋ ಮೇಲು. ಹಾಸನದ ಹೆಸರಿನ ಜೊತೆಗೇ ಬರುವ ಆಲೂಗಡ್ಡೆ ಉಪ್ಪಿಗೆ ಬಲು ಸೂಕ್ಷ್ಮ: ಬೇರಿನ ವಲಯದ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಸುವ ವಿದ್ಯುತ್ ವಾಹಕತೆ ಮೀಟರಿಗೆ 1.7 ಡೆಸಿಸೀಮನ್ಸ್ ದಾಟಿದರೆ ಇಳುವರಿ ಇಳಿಯಲು ಶುರು. ಮೆಕ್ಕೆಜೋಳಕ್ಕೂ ಕಬ್ಬಿಗೂ ಅದೇ 1.7. ಭತ್ತಕ್ಕೆ 3, ಹುರುಳಿಕಾಯಿಗೆ ಬರೇ 1. ಹನಿ ನೀರಾವರಿಗೆ ನಾಲೆಯ ನೀರು ನೇರವಾಗಿ ಒಗ್ಗುವುದಿಲ್ಲ, ಏಕೆಂದರೆ ನಾಲೆ ಸರದಿಯಲ್ಲಿ ಬರುತ್ತದೆ, ಹನಿಗೆ ದಿನ ಬಿಟ್ಟು ದಿನ ನೀರು ಬೇಕು. ಮಧ್ಯೆ ಕೃಷಿ ಹೊಂಡ ಇರಬೇಕು, ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು. ಹಾಸದಿದ್ದರೆ ಹೊಂಡವೇ ಇನ್ನೊಂದು ಸೋರುವ ನಾಲೆಯಾಗುತ್ತದೆ. ನಾಲೆಯ ಕೆಂಪು ನೀರಿಗೆ ಮರಳಿನ ಶೋಧಕ ಕಡ್ಡಾಯ. ಇಷ್ಟೆಲ್ಲ ಸೇರಿಸಿದ ಮೇಲೆ ಖರ್ಚು ಎಷ್ಟಾಯಿತು ಎಂದು ನೋಡಬೇಕೇ ಹೊರತು ಕೊಳವೆಯ ಬೆಲೆಯನ್ನಷ್ಟೇ ಅಲ್ಲ. ಸಹಾಯಧನದ ಪ್ರಮಾಣ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ್ದನ್ನು ಕೇಳಿ.

ಹನಿಯ ಹೊಲದಲ್ಲಿ ಉಪ್ಪು ಮಾಯವಾಗುವುದಿಲ್ಲ. ಒದ್ದೆ ಮಣ್ಣಿನ ಉಂಡೆಯ ಅಂಚಿನಲ್ಲಿ ಬಳೆಯಂತೆ ಕೂರುತ್ತದೆ. ಬೇಸಿಗೆಯಲ್ಲಿ ಒಂದು ಸಣ್ಣ ಮಳೆ ಬಂದರೆ ಆ ಬಳೆ ಕರಗಿ ಬೇರಿಗೆ ಬರುತ್ತದೆ. ಆದ್ದರಿಂದ ಮೊದಲ ಹದ ಮಳೆಯಲ್ಲಿ ಹನಿಯನ್ನು ನಿಲ್ಲಿಸದೆ ಓಡಿಸಬೇಕು. ಮುಂಗಾರು ಜೋರಾಗಿ ಸುರಿಯುವ ಕಡೆ ಇದೇನೂ ದೊಡ್ಡ ವಿಷಯವಲ್ಲ. ಅರಸೀಕೆರೆಯ ಬಯಲಿನಲ್ಲಿ, ಕೊಳವೆಬಾವಿಯ ಗಡುಸು ನೀರಿನಲ್ಲಿ ತೆಂಗು ಬೆಳೆಸುವವರು ಮಾತ್ರ ಇದನ್ನು ಮರೆಯಬಾರದು.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಉಳಿಸಿದ ನೀರನ್ನು ಪಕ್ಕದ ಬೀಳು ಎಕರೆಗೆ ಹರಿಸಿದರೆ ಹೊಳೆಗೆ ಯಾವ ಲಾಭವೂ ಇಲ್ಲ. ಬೆಳೆ ಕುಡಿದು ಆವಿಯಾಗಿಸುವ ನೀರು ಒಟ್ಟಾರೆ ಹೆಚ್ಚುತ್ತದೆ, ಹೊಳೆಗೆ ಮರಳುವ ನೀರು ಇಳಿಯುತ್ತದೆ, ಉಳಿದ ನೀರು ಇನ್ನಷ್ಟು ಗಡುಸಾಗುತ್ತದೆ. ಹನಿ ನೀರಾವರಿ ಹಾಕಿದ ಹೆಚ್ಚಿನವರು ಮಾಡುವುದು ಇದನ್ನೇ, ಅದಕ್ಕೆ ಅವರನ್ನು ದೂರಲಾರೆ. ಆದರೆ ಹೊಳೆಯ ಹೆಸರಿನಲ್ಲಿ ಸಹಾಯಧನ ಕೊಡುವವರು ಈ ಲೆಕ್ಕವನ್ನು ಇಟ್ಟುಕೊಳ್ಳಬೇಕು.

ಬಸಿಗಾಲುವೆ ಮತ್ತು ಜಿಪ್ಸಮ್

ನಮ್ಮ ಕೆಳಹೊಲವನ್ನು ಉಳಿಸಿದ್ದು ಬಸಿಗಾಲುವೆ. ಅದನ್ನು ತೋಡಿದ ಮೇಲೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಪುಡಿ ಬಹಳ ಮಟ್ಟಿಗೆ ಹೋಯಿತು. ಆ ಉಪ್ಪು ಎಲ್ಲಿಗೆ ಹೋಯಿತು ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಹಳ್ಳಕ್ಕೆ ಹೋಯಿತು.

ಇದೇ ಕೆಲಸ ದೊಡ್ಡದಾಗಿ ನಡೆದಾಗ ಎರಡು ದೇಶಗಳ ನಡುವೆ ಜಗಳವಾಗಿದೆ. 1961ರಲ್ಲಿ ಅರಿಜೋನಾದ ವೆಲ್ಟನ್ ಮೊಹಾಕ್ ಪ್ರದೇಶದ ಹೊಲಗಳಡಿಯಿಂದ ಎತ್ತಿದ ಉಪ್ಪು ನೀರನ್ನು ಕೊಲರಾಡೊಗೆ ಬಿಡಲು ಶುರು ಮಾಡಿದರು. ಕೆಳಗೆ ಮೆಕ್ಸಿಕಾಲಿ ಕಣಿವೆಯ ಬೆಳೆ ಹಾಳಾಯಿತು. ಮೆಕ್ಸಿಕೊ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಹಿಡಿದ ಮೇಲೆ 1973ರಲ್ಲಿ ಒಪ್ಪಂದವಾಯಿತು. ಮರುವರ್ಷದ ಕಾಯ್ದೆಗೆ ಕಾರಣ ಇದೂ ಹೌದು. ಆ ಬಸಿನೀರನ್ನು ಶುದ್ಧ ಮಾಡಲೆಂದು ಯೂಮಾದಲ್ಲಿ ಕಟ್ಟಿದ ದೊಡ್ಡ ಸ್ಥಾವರ 1992ರಲ್ಲಿ ಮುಗಿಯಿತು, ಆದರೆ ಅಂದಿನಿಂದ ಅದು ಓಡಿದ್ದು ತೀರ ಕಡಿಮೆ ಕಾಲ. ಬೇರೊಂದು ಕಡೆ, ಪ್ಯಾರಡಾಕ್ಸ್ ಕಣಿವೆಯಲ್ಲಿ, ಉಪ್ಪು ನೀರನ್ನು ಭೂಮಿಯ ಆಳಕ್ಕೆ ತುರುಕಿದರು, 2019ರಲ್ಲಿ 4.5 ತೀವ್ರತೆಯ ಭೂಕಂಪವಾದ ಮೇಲೆ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಹೊಳೆಗೆ ಬಿದ್ದ ಉಪ್ಪನ್ನು ತೆಗೆಯುವ ದಾರಿಗಳು ನಮ್ಮ ಯೋಗ್ಯತೆಗೂ ಜೇಬಿಗೂ ಮೀರಿದವು. ಅವನ್ನು ಈ ಹೋಲಿಕೆಯಿಂದ ಬಿಟ್ಟಿದ್ದೇನೆ.

ಹಾಗೆಂದು ಬಸಿಗಾಲುವೆ ಬೇಡ ಎನ್ನುವುದಿಲ್ಲ. ಜೌಗು ಹಿಡಿದ ಹೊಲಕ್ಕೆ ಅದಲ್ಲದೆ ಬೇರೆ ಔಷಧವಿಲ್ಲ. ತೆರೆದ ಕಾಲುವೆ ಅಗ್ಗ, ಆದರೆ ಜಾಗ ತಿನ್ನುತ್ತದೆ, ಜೊಂಡು ಬೆಳೆದು ಮುಚ್ಚುತ್ತದೆ. ಒಂದರಿಂದ ಒಂದೂವರೆ ಮೀಟರ್ ಆಳದಲ್ಲಿ ತೂತು ಕೊಳವೆ ಹೂಳುವುದು ದುಬಾರಿ, ಒಬ್ಬ ರೈತನ ಕೈಯಲ್ಲಿ ಆಗುವುದಲ್ಲ. ನೀರು ಹೊರಬಿಡಲು ಎಲ್ಲರಿಗೂ ಸೇರಿದ ಒಂದು ದಾರಿ ಬೇಕು, ಅದಕ್ಕೆ ಊರು ಒಪ್ಪಬೇಕು. ಯಾವುದೇ ಇರಲಿ, ಮೇಲಿನಿಂದ ಬರುವ ನೀರನ್ನು ಕಡಿಮೆ ಮಾಡಿ ಆಮೇಲೆ ಬಸಿಗಾಲುವೆ ತೋಡಿದರೆ ಚಿಕ್ಕದೇ ಸಾಕಾಗುತ್ತದೆ. ಬಸಿನೀರನ್ನು ನೇರ ಹೊಳೆಗೆ ಬಿಡದೆ, ಬೇಸಿಗೆಯಲ್ಲಿ ನಾಲೆ ನೀರಿನೊಂದಿಗೆ ಬೆರೆಸಿ ತೆಂಗಿಗೋ ಮೇವಿನ ಹುಲ್ಲಿಗೋ ಮತ್ತೊಮ್ಮೆ ಬಳಸಬಹುದು. ಹೊಳೆ ಸೊರಗಿರುವಾಗ ತಡೆದು, ಪ್ರವಾಹದ ದಿನಗಳಲ್ಲಿ ಬಿಟ್ಟರೆ ಕೆಳಗಿನವರಿಗೆ ಅದರ ಬಿಸಿ ತಟ್ಟುವುದಿಲ್ಲ.

ಜಿಪ್ಸಮ್ ಬಗ್ಗೆ ಒಂದೇ ಎಚ್ಚರಿಕೆ. ಬಿಳಿ ಚೌಳು ಬೇರೆ, ಕರಲು ಬೇರೆ. ಬಿಳಿ ಚೌಳಿನಲ್ಲಿ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿರುತ್ತದೆ, ರಸಸಾರ (ಪಿಎಚ್) 8.5ರ ಒಳಗೇ ಇರುತ್ತದೆ. ಅದಕ್ಕೆ ಬೇಕಾದದ್ದು ಸಿಹಿನೀರಿನ ತೊಳೆತ ಮತ್ತು ಬಸಿಯಲು ದಾರಿ, ಜಿಪ್ಸಮ್ ಅಲ್ಲ. ಕರಲಿನಲ್ಲಿ ರಸಸಾರ 8.5 ಮೀರಿರುತ್ತದೆ, ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು, ಮೇಲೆ ಕಪ್ಪು ಕೆನೆ. ಅಲ್ಲಿ ಮಾತ್ರ ಜಿಪ್ಸಮ್ ಕೆಲಸಕ್ಕೆ ಬರುತ್ತದೆ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದಬ್ಬುತ್ತದೆ. ದಬ್ಬಿದ ಸೋಡಿಯಂ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮೂಟೆಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿ ಇಲ್ಲದೆ ಒಂದು ಮೂಟೆಯನ್ನೂ ತರಬೇಡಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಕಾರೇಕೆರೆಯ ಕೃಷಿ ಕಾಲೇಜು ಇದೆ. ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಕೇಳಿ. ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬಿಡುವ ಮೊದಲು ಮಣ್ಣಿಗೆ ಮಗುಚುವುದು, ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ, ಇವೆಲ್ಲ ಎರಡೂ ಬಗೆಯ ಮಣ್ಣಿಗೂ ಒಳ್ಳೆಯದು, ಹೊಳೆಗೂ ತೊಂದರೆಯಿಲ್ಲ.

ಯಾರಿಗೆ ಯಾವುದು

ನಾಲೆಯ ತಲೆ ಭಾಗದಲ್ಲಿದ್ದು ನೀರಿಗೆ ಕೊರತೆ ಇಲ್ಲದವರು ಗದ್ದೆಯನ್ನು ಮಟ್ಟ ಮಾಡಿ, ಗದ್ದೆಯಲ್ಲಿ ಹೂತ ತೂತು ಕೊಳವೆಯ ನೀರಿನ ಮಟ್ಟ ನೋಡಿಕೊಂಡು ನೀರು ಕಟ್ಟುವುದು ಸಾಕು. ಅವರಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವ ಅಗತ್ಯವೂ ಇಲ್ಲ, ಇದಕ್ಕಿಂತ ಕಡಿಮೆಯೂ ಸಲ್ಲದು. ನಡುವಿನ ಇಳಿಜಾರಿನವರು ಹೊಂಡ ಮತ್ತು ತುಂತುರಿಗೆ ದುಡ್ಡು ಕೂಡಿಸಲಿ. ದುಡ್ಡು ಸಾಲದಿದ್ದರೆ ಹೊಲಗಾಲುವೆಗೆ ಕೊಳವೆ. ಕೊನೆಯ ಭಾಗದ ತಗ್ಗಿನವರಿಗೆ ಬಸಿಗಾಲುವೆ ಮೊದಲು, ಮಣ್ಣು ಪರೀಕ್ಷೆ ಜೊತೆಗೇ, ಜಿಪ್ಸಮ್ ಬೇಕಾದರೆ ಆಮೇಲೆ. ಅವರ ತಲೆಯ ಮೇಲೆ ಸೋರುವ ನಾಲೆಯ ತುಂಡಿಗೆ ಹೊದಿಕೆ ಹಾಕಿಸುವಂತೆ ಇಡೀ ಸಂಘ ಒಟ್ಟಾಗಿ ಕೇಳಬೇಕು. ತಗ್ಗಿನ ನಾಲ್ಕು ಮನೆಯವರು ಮಾತ್ರ ಅರ್ಜಿ ಹಿಡಿದು ಓಡಾಡಿದರೆ ಅದು ನಡೆಯುವುದಿಲ್ಲ. ಇದು ಅನುಭವದ ಮಾತು.

ಇದನ್ನೆಲ್ಲ ನಿರ್ಧರಿಸಲು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಲವಣಾಂಶ ಮಾಪಕ ಬೇಕು. ಅದನ್ನು ಸಂಘದ ಹೆಸರಿನಲ್ಲಿ ಒಂದು ಕೊಂಡರೆ ಇಡೀ ಊರಿಗೆ ಆಗುತ್ತದೆ. ಅದು ತೋರಿಸುವ ಅಂಕಿಯನ್ನಷ್ಟೇ ನೋಡಿ ಮೋಸ ಹೋಗಬೇಡಿ, ಹರಿವನ್ನೂ ಅಳೆಯಿರಿ. ಒಂದು ಬಸಿಗಾಲುವೆಯಲ್ಲಿ ಸೆಕೆಂಡಿಗೆ 2 ಲೀಟರ್ ನೀರು, ಲೀಟರಿಗೆ 2,000 ಮಿಲಿಗ್ರಾಂ ಉಪ್ಪು ಎಂದುಕೊಳ್ಳಿ: ದಿನಕ್ಕೆ 346 ಕಿಲೋ. ಇನ್ನೊಂದರಲ್ಲಿ 10 ಲೀಟರ್ ನೀರು, 800 ಮಿಲಿಗ್ರಾಂ: ದಿನಕ್ಕೆ 691 ಕಿಲೋ. ಬಾಯಿಗೆ ಸಪ್ಪೆ ಎನ್ನಿಸುವ ಎರಡನೆಯದೇ ಹೊಳೆಗೆ ಇಮ್ಮಡಿ ಉಪ್ಪು ಹೊರುತ್ತಿದೆ.

ಅಳೆಯಲು ಒಳ್ಳೆಯ ಕಾಲ ನಾಲೆಯ ನೀರು ನಿಂತ ಮೇಲಿನ ಮೊದಲ ತಿಂಗಳು. ನೀರು ನಿಂತ ದಿನದಿಂದ ಹಿಡಿದು ವಾರಕ್ಕೆರಡು ಸಲ ಬಸಿಗಾಲುವೆಯ ಹರಿವನ್ನೂ ಉಪ್ಪನ್ನೂ ಬರೆದಿಡಿ. ನಡುವೆ ಮಳೆ ಬಂದ ದಿನವನ್ನು ಗುರುತು ಮಾಡಿ. ನಾಲ್ಕೈದು ದಿನಗಳಲ್ಲಿ ಹರಿವು ಬತ್ತಿದರೆ ಅದು ಗದ್ದೆಗಳಿಂದ ಹರಿದು ಬಂದ ಹೆಚ್ಚುವರಿ ನೀರು. ನಿಮ್ಮ ಕೆಲಸ ಗದ್ದೆಯೊಳಗೆ ಇದೆ. ಮೂರು ನಾಲ್ಕು ವಾರವಾದರೂ ಹರಿಯುತ್ತಲೇ ಇದ್ದು, ದಿನೇ ದಿನೇ ಗಡುಸಾಗುತ್ತಾ ಹೋದರೆ ಅದು ಆಳದಲ್ಲಿ ತುಂಬಿಕೊಂಡ ನೀರು, ನಾಲೆಯ ಸೋರಿಕೆಯೂ ಅದರಲ್ಲಿ ಸೇರಿರಬಹುದು. ಆಗ ಖಾಲಿ ನಾಲೆಯೊಳಗೆ ಇಳಿದು, ಕೆಳಹೊಲಕ್ಕೆ ನೇರ ಮೇಲಿರುವ ತುಂಡಿನಲ್ಲಿ ಬಿರುಕು, ಬಿಲ, ಕಳಚಿದ ಹಲಗೆಗಳನ್ನು ನೋಡುತ್ತಾ ನಡೆಯಿರಿ. ನಾವು ಕಳೆದ ಸಲ ಹಾಗೆ ನಡೆದಾಗ ಇಡೀ ತಗ್ಗಿನ ಜೌಗಿಗೆ ಕಾರಣವಾದದ್ದು ಅರವತ್ತು ಮಾರು ಉದ್ದದ ಒಂದೇ ತುಂಡು ಎಂದು ಗೊತ್ತಾಯಿತು.